ಮೊದಲ ತಿಂಗಳ ಕೂದಲು

ಕ್ಷೌರಿಕ ಗೊಂಗ್ ಯೂಲಿನ್‌ನನ್ನು ಕೊಲ್ಲಬಲ್ಲ ತಲೆ ಇಡೀ ಊರಿನಲ್ಲಿ ಒಂದೇ ಒಂದಿತ್ತು. ಆ ತಲೆ ತನ್ನ ಕತ್ತಿನ ಮೇಲೇ ಕೂತಿದೆ ಎಂಬುದು ಲುವಾನ್ ದೆಮಿನ್‌ಗೆ ಚಿಕ್ಕಂದಿನಿಂದ ಗೊತ್ತಿದ್ದ ವಿಷಯವೇ. ಆದರೂ ಹೊಸ ವರ್ಷದ ಆರನೆಯ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ ಅದೇ ಮೊದಲ ಸಲ ತಿಳಿದವನಂತೆ ಅವನು ಬೆಚ್ಚಿದ. ವರ್ಷದ ಮೊದಲ ತಿಂಗಳಲ್ಲಿ ಯಾವನಾದರೂ ಕೂದಲು ಕತ್ತರಿಸಿಕೊಂಡರೆ ಅವನ ಸೋದರಮಾವ ಸಾಯುತ್ತಾನೆ. ಇದನ್ನು ನಂಬುತ್ತೇನೆಂದು ಊರಿನಲ್ಲಿ ಯಾರೂ ಒಪ್ಪಿಕೊಳ್ಳುತ್ತಿರಲಿಲ್ಲ, ಮೀರುವ ಧೈರ್ಯವನ್ನೂ ಯಾರೂ ಮಾಡುತ್ತಿರಲಿಲ್ಲ. ಎಲ್ಲರೂ ಹಳೆಯ ವರ್ಷ ಮುಗಿಯುವ ಮೊದಲೇ ಕತ್ತರಿಸಿಕೊಂಡು, ಎರಡನೆಯ ತಿಂಗಳ ಎರಡನೆಯ ದಿನ ಬರುವವರೆಗೆ ತಲೆಯನ್ನು ಅದರ ಪಾಡಿಗೆ ಬಿಟ್ಟುಬಿಡುತ್ತಿದ್ದರು. ಯೂಲಿನ್‌ಗೆ ಇದ್ದವಳು ಒಬ್ಬಳೇ ಅಕ್ಕ, ಆ ಅಕ್ಕನಿಗೆ ಇದ್ದವನು ಒಬ್ಬನೇ ಮಗ. ಊರಿನ ಉಳಿದ ನಲವತ್ತು ಸಾವಿರ ಜನ ತಲೆ ಬೋಳಿಸಿಕೊಂಡು ಬೀದಿಯಲ್ಲಿ ಕುಣಿದರೂ ಅವನಿಗೆ ನೆಗಡಿ ಸಹ ಆಗುವಂತಿರಲಿಲ್ಲ. ದೆಮಿನ್ ಕನ್ನಡಿಯಲ್ಲಿ ತನ್ನ ಕೂದಲನ್ನು ನೋಡಿದ. ನಾಲ್ಕು ತಿಂಗಳಿಂದ ಕತ್ತರಿ ಕಾಣದೆ ಎರಡೂ ಕಿವಿಗಳನ್ನು ಮುಚ್ಚಿ ಕಾಲರಿನ ಮೇಲೆ ಒರಗಿದ್ದ ಅದು, ಹಬ್ಬ ಮುಗಿದರೂ ಹೊರಡಲು ಮನಸ್ಸಿಲ್ಲದ ನೆಂಟರ ಹಾಗಿತ್ತು. ನಲವತ್ಮೂರು ವರ್ಷದ, ಧಾನ್ಯ ಇಲಾಖೆಯ ಗುಮಾಸ್ತನಿಗೆ ಒಪ್ಪುವ ಕೂದಲಲ್ಲ. "ಹಿಂದಿನಿಂದ ನೋಡಿದ್ರೆ ನೀವು ಥೇಟ್ ನಿಮ್ಮಮ್ಮ," ಎಂದು ಹೆಂಡತಿ ಸುಯಿಫೆನ್ ಹಬ್ಬದ ದಿನವೇ ಹೇಳಿ, ಆಮೇಲೆ ಎರಡು ರಾತ್ರಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಎಂಟನೆಯ ದಿನ ಕಚೇರಿ ತೆರೆದೊಡನೆ ಹೊಸ ಗುರುತಿನ ಚೀಟಿಗೆ ಫೋಟೋ ತೆಗೆಯುತ್ತಾರೆ. ಫೋಟೋದಲ್ಲಿ ನೌಕರರ ಎರಡೂ ಕಿವಿಗಳು ಸ್ಪಷ್ಟವಾಗಿ ಕಾಣತಕ್ಕದ್ದು ಎಂಬ ಸುತ್ತೋಲೆ ಬಂದಿತ್ತು. ಆ ಸುತ್ತೋಲೆಯನ್ನು ಬೆರಳಚ್ಚು ಮಾಡಿದವನು ದೆಮಿನ್ ತಾನೇ. ಹೆಂಡತಿಯ ಪಿನ್ನುಗಳಿಂದ ಕೂದಲನ್ನು ಹಿಂದಕ್ಕೆ ಚುಚ್ಚಿ ನೋಡಿದ, ಅಮ್ಮನ ತಾರುಣ್ಯದ ಒಂದು ಫೋಟೋ ನೆನಪಾಗಿ ಬೇಗ ಬೇಗ ಕಿತ್ತುಹಾಕಿದ.

ಅಡುಗೆಮನೆಯಲ್ಲಿ ಅಮ್ಮ ಬುಟ್ಟಿಗೆ ಬನ್ನು ತುಂಬುತ್ತಿದ್ದಳು. ಹಬೆಯಲ್ಲಿ ಬೆಂದ, ಮಗುವಿನ ತಲೆಯಷ್ಟು ದಪ್ಪದ ಬಿಳಿ ಬನ್ನುಗಳು, ಮೈತುಂಬ ಚುಚ್ಚಿದ ಎಲಚಿಹಣ್ಣು, ನೆತ್ತಿಯ ಮೇಲೊಂದು ಕೆಂಪು ಚುಕ್ಕೆ. ಆರನೆಯ ದಿನ ಅಂಗಡಿಗಳು ಮತ್ತೆ ಬಾಗಿಲು ತೆರೆಯುತ್ತವೆ, ತಮ್ಮನ ಅಂಗಡಿಗೆ ಅಕ್ಕನ ಮನೆಯಿಂದ ಬನ್ನು ಹೋಗಬೇಕು. ಎಪ್ಪತ್ತು ದಾಟಿದ ಅಮ್ಮ ಹಬ್ಬದ ಈ ದಿನಗಳಲ್ಲಿ ಮನೆಯವರ ಬಾಯಿಗೆ ಕಾವಲು ನಿಲ್ಲುತ್ತಿದ್ದಳು. ಹದಿನೈದನೆಯ ದಿನ ದೀಪಗಳ ಹಬ್ಬ ಮುಗಿಯುವ ತನಕ ಅಶುಭದ ಒಂದು ಮಾತೂ ಹೊರಬೀಳಕೂಡದು. ವಿನೆಗರ್ ಮುಗಿದರೆ ಮುಗಿಯಿತು ಎನ್ನುವಂತಿಲ್ಲ, ಬೇಕಾದಷ್ಟಿದೆ ಎನ್ನಬೇಕು. ಆಗ ಯಾರಾದರೂ ಅರ್ಥ ಮಾಡಿಕೊಂಡು ಎದ್ದು ಅಂಗಡಿಗೆ ಹೋಗುತ್ತಾರೆ. ಕುದಿಯುವ ನೀರಿನಲ್ಲಿ ಕಡುಬು ಒಡೆದರೆ ಅದು ಒಡೆಯಲಿಲ್ಲ, ನಕ್ಕಿತು. ಎರಡನೆಯ ದಿನ ಅಮ್ಮ, ಮಗ ಇಬ್ಬರೂ ಮಾವನ ಮನೆಗೆ ಹೋಗಿದ್ದಾಗ ಮಾವ ಊಟದ ಮಧ್ಯೆ ಅರ್ಧ ಗಂಟೆ ಕೆಮ್ಮಿದ. ಹಳೇ ವರ್ಷದ ಚಳಿ ಹೊರಗೆ ಹೋಗ್ತಾ ಇದೆ ಎಂದು ಅಮ್ಮ ಎಲ್ಲರ ಲೋಟಕ್ಕೂ ಬಿಸಿನೀರು ಬಗ್ಗಿಸಿದ್ದಳು. ದೆಮಿನ್ ಆ ಊಟವನ್ನು ಟೋಪಿ ತೆಗೆಯದೆ, ತಟ್ಟೆಯಿಂದ ತಲೆಯೆತ್ತದೆ ಮುಗಿಸಿದ್ದ.

"ಬುಟ್ಟಿ ಕೊಡು, ವ್ಯಾಪಾರ ಚೆನ್ನಾಗಾಗ್ಲಿ ಅನ್ನು, ವಾಪಸ್ ಬಾ," ಎಂದಳು ಅಮ್ಮ. "ಕೂತ್ಕೋ ಅಂದ್ರೆ ಬೆಂಚಿನ ಮೇಲೆ ಕೂತ್ಕೋ. ಕುರ್ಚೀಲಿ ಕೂರಬೇಡ."

"ಆಯ್ತಮ್ಮ."

"ಟೋಪಿ ತೆಗೀಬೇಡ."

"ಆಯ್ತು."

"ಅವನು ಬಿಡಲ್ಲ. ಸ್ನಾನದ ಮನೆ ಪಾಂಗ್ ಹೆಂಡ್ತಿ ನಿನ್ನೆ ಹೇಳಿದ್ಲು. ಈ ಸಲ ಅಳಿಯನ ತಲೆನೇ ಎಲ್ಲರ ಮುಂದೆ ಕತ್ತರಿಸಿ ತೋರಿಸ್ತೀನಿ ಅಂತ ಬೀದಿ ತುಂಬ ಸಾರ್ಕೊಂಡು ಬಂದಿದಾನಂತೆ. ಅರವತ್ತಾರು ವರ್ಷ ಆಯ್ತು, ಬುದ್ಧಿ ಮಾತ್ರ..." ಅಮ್ಮ ಅಲ್ಲಿಗೇ ತಡೆದಳು. ಇಲ್ಲ ಎನ್ನುವ ಮಾತು ಈ ತಿಂಗಳಿಗೆ ಆಗದು. "ಬುದ್ಧಿ ಬೇಕಾದಷ್ಟಿದೆ," ಎಂದು ಬುಟ್ಟಿಯ ಮೇಲೆ ಕೆಂಪು ಬಟ್ಟೆ ಮುಚ್ಚಿದಳು.

ಬೀದಿಯಲ್ಲಿ ಆಗತಾನೆ ಸಿಡಿದ ಪಟಾಕಿಯ ಕೆಂಪು ಕಾಗದ ಪಾದ ಮುಳುಗುವಷ್ಟು ಬಿದ್ದಿತ್ತು. ಸಮುದ್ರದ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಅದು ಮೇಲೆದ್ದು ಮತ್ತೆ ಕೂರುತ್ತಿತ್ತು. ದೆಮಿನ್ ಎರಡೂ ಕೈಗಳಲ್ಲಿ ಬುಟ್ಟಿ ಹಿಡಿದು ನಡೆದ. ಹೇಳಬೇಕಾದ ಮಾತನ್ನು ಬಾಯಲ್ಲಿ ಉರುಹೊಡೆಯುತ್ತಿದ್ದ. ವ್ಯಾಪಾರ ಚೆನ್ನಾಗಾಗಲಿ ಮಾವ, ಅಮ್ಮ ಬನ್ನು ಕಳಿಸಿದ್ದಾರೆ ಮಾವ. ಕಳೆದ ತಿಂಗಳು ಇಪ್ಪತ್ನಾಲ್ಕನೆಯ ದಿನವೂ ಹೀಗೇ ಒಂದು ಮಾತನ್ನು ಉರುಹೊಡೆಯುತ್ತ ಆಸ್ಪತ್ರೆಯ ಮೊಗಸಾಲೆಯುದ್ದಕ್ಕೂ ನಡೆದಿದ್ದ. ಶೀತ ಅಂತೆ ಮಾವ, ಬರೀ ಶೀತ ಅಂತೆ. ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ಅದನ್ನೇ ನೋಡಿ, ಹಬ್ಬ ಹತ್ತಿರ ಬಂತಲ್ಲ ಎಂದಿದ್ದರು. ಆಮೇಲೆ, ಏನು ಕೇಳ್ತಾರೋ ಅದನ್ನ ತಿನ್ನಿಸಿ ಎಂದಿದ್ದರು. ಆ ಊರಿನಲ್ಲಿ ಹುಟ್ಟಿದ ಎಂಥ ದಡ್ಡನಿಗೂ ಡಾಕ್ಟರ ಬಾಯಿಂದ ಬಂದ ಆ ಮಾತಿಗೆ ಏನು ಅರ್ಥ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ದೆಮಿನ್ ತಲೆಯಾಡಿಸಿ, ತಿನ್ನಿಸ್ತೀವಿ ಡಾಕ್ಟ್ರೇ ಎಂದು ಸೊಂಟ ಬಗ್ಗಿಸಿ ವಂದಿಸಿ ಹೊರಬಂದ. ಬೆಂಚಿನ ಮೇಲೆ ಮಾವ ಪಕ್ಕದ ರೋಗಿಯ ಹಿಂದಲೆಯನ್ನು ಅಡ್ಡಗಣ್ಣಿನಲ್ಲಿ ನೋಡುತ್ತ, ಯಾರೋ ಇವನ ತಲೇನ ಹಾಳು ಮಾಡಿದಾರೆ ಎಂದು ಗೊಣಗುತ್ತಿದ್ದ. ಶೀತವಂತೆ ಎಂದಾಗ, ಶೀತಕ್ಕೆ ಯಾರು ಫೋಟೋ ತೆಗೀತಾರೆ ಎಂದಷ್ಟೇ ಕೇಳಿ ಎದ್ದಿದ್ದ. ಮನೆಗೆ ಬಂದು ದೆಮಿನ್ ಎರಡು ಬಟ್ಟಲು ಶಾವಿಗೆ ತಿಂದ. ಹಸಿವಾಗಿತ್ತು. ಎರಡನೆಯ ಬಟ್ಟಲಿನ ತಳದಲ್ಲಿ ಒಂದು ಯೋಚನೆ ಸಿಕ್ಕಿತು. ಇನ್ನು ಮುಂದೆ ಮೊದಲ ತಿಂಗಳಲ್ಲೂ ಕಟಿಂಗ್ ಮಾಡಿಸಬಹುದು. ಇಂಥ ಯೋಚನೆ ಮಾಡುವ ತಲೆಯನ್ನು ಹೊತ್ತು ಮಾವನ ಮುಂದೆ ಹೇಗೆ ಕೂರುವುದು? ಕ್ಷೌರದ ಕುರ್ಚಿಯಲ್ಲಿ ಕೂತವನಿಗೆ ಮುಖ ತಿರುಗಿಸಲು ಜಾಗವಿಲ್ಲ, ಎದುರಿಗೆ ಕನ್ನಡಿ, ಹಿಂದೆ ಮಾವ. ಹೀಗಾಗಿ ಪ್ರತಿ ವರ್ಷ ಕೊನೆಯ ತಿಂಗಳ ಇಪ್ಪತ್ತೆಂಟನೆಯ ದಿನ ತಪ್ಪದೆ ಮಾವನಿಗೆ ತಲೆ ಒಪ್ಪಿಸುತ್ತಿದ್ದವನು ಈ ಸಲ ಅಂಗಡಿಯ ಎದುರು ಕೋಸಿನ ಗಾಡಿಯ ಹಿಂದೆ ಅರ್ಧ ಗಂಟೆ ನಿಂತಿದ್ದು, ಒಂದು ಕೋಸು ಕೊಂಡು ಮನೆಗೆ ಹೋಗಿದ್ದ.

ಅದೂ ಅಲ್ಲದೆ ಈ ತಲೆ ತನ್ನ ಶಕ್ತಿಯನ್ನು ಒಮ್ಮೆ ತೋರಿಸಿಯೂ ಆಗಿತ್ತು. ಅಪ್ಪ ಇಲ್ಲದ ಮನೆಗೆ ಅಪ್ಪನ ಜಾಗದಲ್ಲಿ ನಿಂತವನು ಮಾವ. ಹೊಟ್ಟೆಗೆ ಹಾಕಿದವನೂ ಅವನೇ, ಕಿವಿ ಹಿಂಡಿದವನೂ ಅವನೇ. ಹತ್ತು ವರ್ಷದ ದೆಮಿನ್‌ನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಕುತ್ತಿಗೆಗೆ ಬಿಳಿ ಬಟ್ಟೆ ಬಿಗಿದು, ಅಂಗಡಿ ತುಂಬ ಕಾದು ಕೂತವರಿಗೆಲ್ಲ, ಈ ಮಹಾರಾಯ ನಿನ್ನೆ ರಾತ್ರಿ ಹಾಸಿಗೇಲಿ ದೋಣಿ ಬಿಟ್ಟ ಎಂದು ಸಾರಿದ್ದ. ಬಟ್ಟೆಯ ಕೆಳಗೆ ಕೈ ಸಿಕ್ಕಿಬಿದ್ದವನು ಮುಖ ಮುಚ್ಚಿಕೊಳ್ಳಲಾರ. ಆ ವರ್ಷ ಮೊದಲ ತಿಂಗಳ ಒಂದು ಮಧ್ಯಾಹ್ನ ದೆಮಿನ್ ಅಮ್ಮನ ಹೊಲಿಗೆಯ ಕತ್ತರಿ ತೆಗೆದುಕೊಂಡು ಕಲ್ಲಿದ್ದಲ ರಾಶಿಯ ಹಿಂದೆ ಹೋದ. ಇಡೀ ತಲೆಯನ್ನು ಕತ್ತರಿಸಬೇಕೆಂದೇ ಹೋದದ್ದು. ಎಡಗಿವಿಯ ಮೇಲೆ ಬೆರಳಗಲದ ಒಂದು ಎಳೆ ಕತ್ತರಿಸುವಷ್ಟರಲ್ಲಿ ಧೈರ್ಯ ಮುಗಿಯಿತು. ಆ ಎಳೆಯನ್ನು ಇದ್ದಲಿನೊಳಗೆ ಹೂತು, ಮಾವ ಸಾಯುವುದನ್ನು ಕಾಯತೊಡಗಿದ. ಮೂರನೆಯ ದಿನ ಮಾವ ಸಕ್ಕರೆ ಪಾಕದ ಹಣ್ಣಿನ ಕಡ್ಡಿ ಹಿಡಿದು ಬಂದು, ನಿಂಗೆ ಅಂತ ತಂದೆ ಕಣೋ ಎಂದ. ಎಂಟನೆಯ ದಿನ ಸ್ನಾನದ ಮನೆಯ ಮುಂದೆ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ಎಡಗಾಲು ಮುರಿದುಕೊಂಡ. ಅಂದಿನಿಂದ ಮಾವ ಕುಂಟ. ದೆಮಿನ್‌ನ ಲೆಕ್ಕ ಸರಳವಾಗಿತ್ತು. ಒಂದು ಎಳೆಗೆ ಒಂದು ಕಾಲು. ಮೂವತ್ಮೂರು ವರ್ಷಗಳಿಂದ ಮಾವ ಬಾಗಿಲಾಚೆ ಬರುವ ಸದ್ದು, ಒಂದು ಗಟ್ಟಿ ಹೆಜ್ಜೆ ಮತ್ತು ಒಂದು ಎಳೆದ ಹೆಜ್ಜೆ, ಕಿವಿಗೆ ಬಿದ್ದಾಗಲೆಲ್ಲ ಅವನ ಕೈ ತಾನಾಗಿ ಎಡಗಿವಿಯ ಮೇಲಕ್ಕೆ ಹೋಗುತ್ತಿತ್ತು. ಕಾಲೇಜಿನಲ್ಲಿ ಓದಿದ್ದ, ವಿಜ್ಞಾನ ಗೊತ್ತಿತ್ತು, ಮಂಜುಗಡ್ಡೆಯ ಮೇಲೆ ಯಾರು ಬೇಕಾದರೂ ಜಾರುತ್ತಾರೆ ಎಂದೂ ಗೊತ್ತಿತ್ತು. ಆದರೆ ಇಡೀ ತಲೆಯನ್ನು ಕತ್ತರಿಸಿ ನೋಡಿದವರು ಯಾರಿದ್ದಾರೆ?

ಅಂಗಡಿಯ ಮುಂದೆ ನಾಲ್ಕೈದು ಜನ ಗುಂಪುಕಟ್ಟಿದ್ದರು. ಮೊದಲ ತಿಂಗಳಲ್ಲಿ ಅಲ್ಲಿ ಗುಂಪು ಸೇರುವುದೇ ಅಪರೂಪ. ಆ ತಿಂಗಳು ಯೂಲಿನ್‌ನ ಕುರ್ಚಿಯಲ್ಲಿ ಕೂರುವವರು ಸೋದರಮಾವಂದಿರನ್ನು ಕಳೆದುಕೊಂಡವರು ಮಾತ್ರ. ಯಾರ ಮಾವ ಯಾವ ವರ್ಷ ಹೋದ, ಯಾರಿಗೆ ಇನ್ನೂ ಎಷ್ಟು ಮಾವಂದಿರು ಬಾಕಿ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಬೀದಿಯಲ್ಲಿ ಸಿಕ್ಕವರನ್ನು ನಿಮ್ಮ ಮಾವ ಹೇಗಿದಾರೆ ಎಂದು ಅವನು ಬರೀ ಸೌಜನ್ಯಕ್ಕೆ ಕೇಳಿದರೂ ಜನ ಮುಖ ಗಂಟಿಕ್ಕಿಕೊಂಡು, ಕಲ್ಲುಗುಂಡಿನ ಹಾಗಿದಾರೆ ಎಂದು ದಾಟಿ ಹೋಗುತ್ತಿದ್ದರು. ಮೂವರು ಮಾವಂದಿರಿದ್ದ ಒಬ್ಬ ಮೇಷ್ಟರು ಕೊನೆಯವನನ್ನೂ ಕಳೆದುಕೊಂಡ ವರ್ಷ, ಮೊದಲ ತಿಂಗಳಲ್ಲಿ ನಾಚುತ್ತ ನಾಚುತ್ತ ಬಂದು ಕುರ್ಚಿಯಲ್ಲಿ ಕೂತು, ಕತ್ತರಿಯ ಮೊದಲ ಸದ್ದಿಗೇ ಬಿಕ್ಕಿಬಿಕ್ಕಿ ಅತ್ತಿದ್ದರು. ಇವತ್ತು ಒಳಗಿನ ಬೆಂಚಿನ ಮೇಲೆ ಅಂಥ ಇಬ್ಬರು ಮುದುಕರಿದ್ದರು. ಬಾಗಿಲಲ್ಲಿ ದಪ್ಪ ಹೊಟ್ಟೆಯ ಪಾಂಗ್ ಸೂರ್ಯಕಾಂತಿ ಬೀಜ ಒಡೆದು ಸಿಪ್ಪೆ ಉಗಿಯುತ್ತ ನಿಂತಿದ್ದ. ಅವನೇ ಪಕ್ಕದ ಸಾರ್ವಜನಿಕ ಸ್ನಾನದ ಮನೆಯ ಯಜಮಾನ.

"ಬಂದ ನೋಡಿ ನನ್ನ ಯಮ," ಎಂದ ಮಾವ.

ಮುದುಕರಿಬ್ಬರೂ ನೆಲಕ್ಕೆ ಥೂ ಎಂದು ಉಗಿದರು. "ಹಬ್ಬದ ತಿಂಗಳು ಕಣಯ್ಯ. ಬಾಯಿಗೊಂದು ಬೀಗ ಹಾಕ್ಕೋ," ಎಂದ ಪಾಂಗ್.

"ನಿಂದೇ ಬಾಯಿ ಮೊದಲು ಬಿಚ್ಚಿದ್ದು. ಕೇಳೋ ಅಳಿಯ, ಈ ಪಾಂಗ್ ಏನಂತಾನೆ ಅಂದ್ರೆ, ನಂಗೂ ಒಳಗೊಳಗೇ ಭಯ ಇದೆಯಂತೆ. ಊರವರಿಗೆಲ್ಲ ಮೂಢರು ಅಂತ ಬಯ್ತೀಯ, ನಿನ್ನ ಸ್ವಂತ ಅಳಿಯನ ತಲೇನ ಒಂದು ದಿನ ಮುಟ್ಟಿದ್ದೀಯಾ ಅಂತಾನೆ. ಮೂವತ್ತೈದು ವರ್ಷದಿಂದ ಈ ತಿಂಗಳೆಲ್ಲ ನೊಣ ಹೊಡೀತಾ ಕೂತಿದ್ದೀನಿ. ಈ ಚಳೀಲಿ ನೊಣಾನೂ ಬರಲ್ಲ."

"ವ್ಯಾಪಾರ ಚೆನ್ನಾಗಾಗ್ಲಿ ಮಾವ," ಎಂದ ದೆಮಿನ್. "ಅಮ್ಮ ಬನ್ನು ಕಳಿಸಿದಾರೆ."

"ಇಡು ಅಲ್ಲಿ. ಟೋಪಿ ತೆಗಿ."

"ಚಳಿ ಮಾವ."

"ಒಲೆ ಉರೀತಿದೆಯಲ್ಲೋ."

"ಅಮ್ಮ ಬನ್ನು ಕಳಿಸಿದಾರೆ," ಎಂದು ದೆಮಿನ್ ಮತ್ತೊಮ್ಮೆ ಹೇಳಿದ. ಯಾರೋ ಕಿಸಕ್ಕನೆ ನಕ್ಕರು. ಮಾವ ಕುಂಟುತ್ತ ಹತ್ತಿರ ಬಂದು, ಅಡುಗೆಯ ಪಾತ್ರೆಯ ಮುಚ್ಚಳ ತೆಗೆಯುವವನಂತೆ ಟೋಪಿಯನ್ನು ಎತ್ತಿದ. ಕೂದಲು ಎರಡೂ ಕಡೆ ಕೆಳಗಿಳಿಯಿತು.

"ಇದೇನು ಗುಮಾಸ್ತರೇ, ನಾಟಕದಲ್ಲಿ ರಾಣಿ ಪಾರ್ಟು ಸಿಕ್ಕಿದೆಯಾ?" ಎಂದ ಪಾಂಗ್.

ದೆಮಿನ್‌ಗೆ ಹೇಗೆ ಕೂತೆ ಎಂಬುದು ತಿಳಿಯಲಿಲ್ಲ. ಬೆಂಚಿನ ಕಡೆಗೇ ಕಾಲಿಟ್ಟಿದ್ದ, ಮುದುಕರು ಸರಿದು ಜಾಗ ಕೊಡಲಿಲ್ಲ, ತೊಡೆಗೆ ತಗುಲಿದ್ದು ಕಬ್ಬಿಣದ ಕುರ್ಚಿ. ಬಿಳಿ ಬಟ್ಟೆ ಕುತ್ತಿಗೆಗೆ ಬಂದು ಬಿಗಿಯಿತು, ಕೈಗಳು ಅದರ ಕೆಳಗೆ ಮಾಯವಾದವು. ಕನ್ನಡಿಯಲ್ಲಿ ತನ್ನ ಮುಖ, ಮೇಲೆ ಮಾವನ ಮುಖ, ಅವುಗಳ ಹಿಂದೆ ಉಳಿದವರ ಮುಖಗಳು. ಒಬ್ಬನೂ ಕೂದಲನ್ನು ನೋಡುತ್ತಿರಲಿಲ್ಲ. ಎಲ್ಲರೂ ಕ್ಷೌರಿಕನನ್ನೇ ನೋಡುತ್ತಿದ್ದರು. ಕತ್ತರಿಯ ಮೊದಲ ಸದ್ದಿಗೇ ಅವನು ದಬಕ್ಕನೆ ಬೀಳುತ್ತಾನೋ, ಎರಡು ದಿನ ತೆಗೆದುಕೊಳ್ಳುತ್ತಾನೋ ಎಂದು ನೋಡಿಯೇ ಹೋಗಲು ಬಂದವರು. ಪಾಂಗ್ ಹಿಡಿಯಲು ಅನುಕೂಲವಾಗಲೆಂದು ಎರಡು ಹೆಜ್ಜೆ ಮುಂದೆ ಬಂದು ಕೈ ಒರೆಸಿಕೊಂಡಿದ್ದ. ಮಾವ ಒಲೆಯ ಮೇಲೆ ಅಂಗೈ ಕಾಯಿಸಿಕೊಂಡು ಬಂದು, ದೆಮಿನ್‌ನ ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದು ನೆಟ್ಟಗೆ ಮಾಡಿದ. ಕೈಗಳು ಮೊದಲಿಗಿಂತ ಹಗುರಾಗಿದ್ದವು, ಅದು ದೆಮಿನ್‌ಗೆ ತುಂಬ ನೋವು ಕೊಟ್ಟಿತು.

"ಇಪ್ಪತ್ತೆಂಟಕ್ಕೆ ಯಾಕೆ ಬರಲಿಲ್ಲ?" ಮಾವ ಬಾಚಣಿಗೆ ಆಡಿಸುತ್ತ ಕೇಳಿದ. ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ, ಮೂವತ್ತೈದು ವರ್ಷ ಗಿರಾಕಿಗಳ ಗುಟ್ಟು ಕೇಳಿ ರೂಢಿಯಾದ ದನಿಯಲ್ಲಿ.

"ಕಚೇರಿ ಕೆಲಸ ಇತ್ತು."

"ಕೋಸಿನ ಗಾಡಿ ಹಿಂದೆ ಯಾವ ಕಚೇರಿನೋ ಇರೋದು?"

ದೆಮಿನ್ ಕನ್ನಡಿಯಿಂದ ಕಣ್ಣು ತಗ್ಗಿಸಿದ.

"ಡಾಕ್ಟ್ರು ಏನಂದ್ರು?"

"ಶೀತ..."

"ಕನ್ನಡಿ ನೋಡ್ಕೊಂಡು ಹೇಳು."

ಕನ್ನಡಿಯಲ್ಲಿ ಮಾವನ ಕಣ್ಣುಗಳು ಕಾಯುತ್ತಿದ್ದವು. ಅಶುಭವಲ್ಲದ ಮಾತೊಂದನ್ನು ದೆಮಿನ್ ಹುಡುಕಿದ. ಅಮ್ಮನಂತೆ ಎಲ್ಲವನ್ನೂ ಬೇಕಾದಷ್ಟಿದೆ ಎನ್ನಲು ಅವನಿಗೆ ಬರಲಿಲ್ಲ. ಕೊನೆಗೆ ಡಾಕ್ಟರು ಹೇಳಿದ್ದರಲ್ಲಿ ಒಂದು ಕೆಟ್ಟ ಶಬ್ದವೂ ಇಲ್ಲವಲ್ಲ ಎಂದು ನೆನಪಾಯಿತು. "ನೀವು ಏನು ಕೇಳ್ತೀರೋ ಅದನ್ನ ತಿನ್ನಿಸಿ ಅಂದ್ರು," ಎಂದ.

ಬಾಚಣಿಗೆ ನಿಂತಿತು. ಗಿರಾಕಿ ಇಷ್ಟು ಉದ್ದ ಬಿಡಿ ಎಂದಾಗ ಆಡಿಸುವಂತೆ ಮಾ‌ವ ತಲೆಯಾಡಿಸಿದ. "ಹಾಗಾದ್ರೆ ಸಂಜೆಗೆ ಸೀಗಡಿ ಹಾಕಿ ಕಡುಬು ಮಾಡೋಕೆ ಹೇಳು ಅಕ್ಕಂಗೆ," ಎಂದ. ಕತ್ತರಿ ಕೈಗೆತ್ತಿಕೊಂಡ. "ಬೇಕಾದ್ರೆ ಈಗ್ಲೂ ಎದ್ದು ಹೋಗು. ಆಮೇಲೆ ಊರವರು ತಪ್ಪೆಲ್ಲ ನಿನ್ನ ತಲೆ ಮೇಲೆ ಹಾಕ್ತಾರೆ. ಪಾಂಗ್‌ಗೆ ನಾನೇ ಏನೋ ಒಂದು ಹೇಳಿ ಸಾಗಹಾಕ್ತೀನಿ."

"ಕತ್ತರಿಸಿ."

ಅಷ್ಟು ಜೋರಾಗಿ ಹೇಳಬೇಕೆಂದು ಅವನು ಎಣಿಸಿರಲಿಲ್ಲ. ಅಂಗಡಿಯವರೆಲ್ಲ ಮೊದಲ ಸಲ ಮಾವನನ್ನು ಬಿಟ್ಟು ಅವನನ್ನು ನೋಡಿದರು. ಆ ದನಿ ಇದ್ದಲ ರಾಶಿಯ ಹಿಂದಿನಿಂದ ಬಂದಂತಿತ್ತು. ಮಾವನ ಮಾನ ಉಳಿಯಲಿ, ಒಂದು ವರ್ಷವಾದರೂ ಈ ತಿಂಗಳು ಅವನ ಕುರ್ಚಿಯಲ್ಲಿ ಮಾವ ಬದುಕಿರುವ ಒಬ್ಬ ಕೂರಲಿ ಎಂದು ಹೇಳಿದೆನೋ, ಅಥವಾ ಹತ್ತು ವರ್ಷದವನ ಹಳೆಯ ಬಯಕೆಯೇ ಕಡೆಗೂ ಬಾಯಿಬಿಟ್ಟಿತೋ ಎಂದು ದೆಮಿನ್‌ಗೆ ತಿಳಿಯಲಿಲ್ಲ. ಎರಡೂ ಒಂದೇ ಮಾತಿನಲ್ಲಿ ಹೊರಬಂದಿದ್ದವು, ಬೇರ್ಪಡಿಸಲು ಆಗುವಂತಿರಲಿಲ್ಲ. ಇನ್ನು ಮುಚ್ಚಿಟ್ಟುಕೊಂಡು ಕೂರುವುದು ಸಾಧ್ಯವೇ ಇಲ್ಲ ಎನ್ನಿಸಿತು.

"ಮಾವ, ನಿಮ್ಮ ಕಾಲು," ಎಂದ ಪಿಸುಮಾತಿನಲ್ಲಿ. "ನಾನು ಹತ್ತು ವರ್ಷದವನಿದ್ದಾಗ ಮೊದಲ ತಿಂಗಳಲ್ಲಿ..."

"ಗೊತ್ತು ಕಣೋ. ನಿಮ್ಮಮ್ಮ ಇದ್ದಲು ತೆಗೆಯೋಕೆ ಹೋದಾಗ ಸಿಕ್ತಂತೆ. ಕೆಂಪು ಕಾಗದದಲ್ಲಿ ಸುತ್ಕೊಂಡು ಅಳ್ತಾ ಅಂಗಡಿಗೆ ತಂದಿದ್ಲು." ಮಾವ ಎಡಗಿವಿಯ ಮೇಲಿನ ಕೂದಲನ್ನು ಬೆರಳುಗಳ ನಡುವೆ ಎತ್ತಿ ಹಿಡಿದ. "ಅಂಕುಡೊಂಕಾಗಿ ಕತ್ತರಿಸಿದ್ದೆ. ಕತ್ತರಿ ಹಿಡಿಯೋಕೇ ಬರ್ತಿರಲಿಲ್ಲ ನಿಂಗೆ. ಅದಕ್ಕೇ ಕಾಲಿಗೇ ನಿಂತ್ಕೊಂಡಿತು."

ಅದು ತಮಾಷೆಯೋ ಅಲ್ಲವೋ ಎಂದು ಕನ್ನಡಿಯಲ್ಲಿ ನೋಡುವಷ್ಟರಲ್ಲಿ ಕತ್ತರಿ ಕೂಡಿತು. ಬೆಂಚಿನ ಮುದುಕನೊಬ್ಬ ಉಸಿರೆಳೆದುಕೊಂಡ. ಕಪ್ಪು ಕೂದಲು ಬಿಳಿ ಬಟ್ಟೆಯ ಮೇಲೆ ಬಿದ್ದು, ತೊಡೆಯವರೆಗೆ ಜಾರಿತು. ಮಾವ ಬೀಳಲಿಲ್ಲ. ಮತ್ತೆ ಕತ್ತರಿಸಿದ, ಮತ್ತೂ ಬೀಳಲಿಲ್ಲ. ಪಾಂಗ್‌ನ ಮುಖದಲ್ಲಿ ನಿರಾಸೆ ಕಂಡಿತು, ಅದನ್ನು ತಾನೇ ಗುರುತಿಸಿ ನಾಚಿ ಅವನು ಜೇಬಿಗೆ ಕೈಹಾಕಿ ಇನ್ನಷ್ಟು ಬೀಜ ತೆಗೆದ. ಮಾವ ಈಗ ಯಾರನ್ನೂ ನೋಡುತ್ತಿರಲಿಲ್ಲ. ಕತ್ತರಿ ಇಟ್ಟು ಕೈ ಮಷಿನ್ ತೆಗೆದುಕೊಂಡ, ಕಿವಿಯ ಹಿಂದಿನ ತಿರುವನ್ನು ಉಗುರಿನಿಂದ ಅಳೆದ, ಬಗ್ಗಿ ಊದಿದ, ಅವನ ಉಸಿರಿನಲ್ಲಿ ಶುಂಠಿಯ ವಾಸನೆಯಿತ್ತು. ದೆಮಿನ್ ಕಣ್ಣು ಮುಚ್ಚಿಕೊಂಡ. ಇಷ್ಟು ವರ್ಷಗಳಲ್ಲಿ ಈ ಕುರ್ಚಿಯಲ್ಲಿ ಅವಮಾನವೊಂದೇ ಸಿಕ್ಕಿತು ಎಂದುಕೊಂಡಿದ್ದ. ಈ ಊದುವಿಕೆಯೂ ಸಿಕ್ಕಿತ್ತು, ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಎಡಗಡೆಯ ಕಿವಿಗೆ ಗಾಳಿ ತಾಗಿತು. ಮಷಿನ್ ನೆತ್ತಿಯ ಮಧ್ಯಕ್ಕೆ ಬಂತು, ಬೈತಲೆಯ ಗೆರೆಯ ಹತ್ತಿರ ನಿಂತಿತು. ಅಲ್ಲಿ ಮಾವನಿಗೆ ಕೆಮ್ಮು ಬಂತು.

ಕೆಮ್ಮು ನಿಲ್ಲಲಿಲ್ಲ. ಮಾವ ಕುರ್ಚಿಯ ಬೆನ್ನು ಹಿಡಿದು ಬಗ್ಗಿದ, ದೆಮಿನ್‌ಗೆ ಕಬ್ಬಿಣದೊಳಗಿಂದ ಆ ಕೆಮ್ಮು ತನ್ನ ಬೆನ್ನಿಗೆ ಬಂದದ್ದು ತಿಳಿಯಿತು. ಮುದುಕರು ಎದ್ದು ನಿಂತರು. ಪಾಂಗ್ ಓಡಿಬಂದು ಮಾವನ ಸೊಂಟಕ್ಕೆ ತೋಳು ಹಾಕಿ, "ನಾನು ಸುಮ್ನೆ ತಮಾಷೆಗೆ ಅಂದಿದ್ದು ಕಣಯ್ಯ, ನಾನು ಸುಮ್ನೆ ಅಂದಿದ್ದು," ಎಂದು ಅಳುವ ದನಿಯಲ್ಲಿ ಹೇಳತೊಡಗಿದ. ದೆಮಿನ್ ಏಳಲು ಹೋದ. ಬಟ್ಟೆ ಕುತ್ತಿಗೆಗೆ ಬಿಗಿದಿತ್ತು, ಅದರ ತುದಿಯನ್ನು ಮಾವ ಮುಷ್ಟಿಯಲ್ಲಿ ಹಿಡಿದಿದ್ದ. ಎಷ್ಟೋ ಹೊತ್ತಿನ ಮೇಲೆ ಕೆಮ್ಮು ತಾನಾಗಿ ಇಳಿಯಿತು. ಮಾವ ಟವೆಲಿಗೆ ಬಾಯಿ ಒರೆಸಿ, ಟವೆಲನ್ನು ಯಾರಿಗೂ ಕಾಣದಂತೆ ಮಡಚಿ ಜೇಬಿಗಿಟ್ಟ. ಪಾಂಗ್‌ನ ತೋಳನ್ನು ಕಿತ್ತುಹಾಕಿದ. ಮಷಿನ್ ಎತ್ತಿಕೊಂಡು ದೆಮಿನ್‌ನ ಬಲಗಡೆಯ ಉದ್ದ ಕೂದಲನ್ನು ನೋಡುತ್ತ ನಿಂತ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟ ಮನುಷ್ಯ ಅವನಲ್ಲ, ಬಾಂಬು ಬಿದ್ದರೂ ಗಿರಾಕಿಯ ಕಿವಿ ಮುಗಿಸಿಯೇ ಓಡುವವನು. ಆಮೇಲೆ ಮಷಿನ್ನಿಗೆ ಅಂಟಿದ್ದ ಕೂದಲನ್ನು ಬ್ರಷ್ಷಿನಿಂದ ತೆಗೆದು, ಎಣ್ಣೆ ಬಿಟ್ಟು, ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ.

"ಇವತ್ತಿಗೆ ಇಷ್ಟೇ," ಎಂದ.

"ಇನ್ನರ್ಧ, ಮಾವ?"

"ಎರಡನೇ ತಿಂಗಳ ಎರಡಕ್ಕೆ ಬಾ. ನಾನೇ ಕತ್ತರಿಸ್ತೀನಿ. ಅಲ್ಲೀ ತನಕ ಬೇರೆ ಯಾವನಾದ್ರೂ ಈ ತಲೆ ಮುಟ್ಟಿದ್ರೆ ನೋಡು."

"ಎಂಟಕ್ಕೆ ಕಚೇರೀಲಿ ಫೋಟೋ ತೆಗೀತಾರೆ. ಎರಡೂ ಕಿವಿ ಕಾಣಬೇಕು."

"ಒಂದು ಕೊಟ್ಟಿದ್ದೀನಲ್ಲ. ಇನ್ನೊಂದು ಮುಂದಿನ ತಿಂಗಳು ಬರುತ್ತೆ ಅನ್ನು."

ಪಾಂಗ್‌ಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಇದೇನಯ್ಯ ಯೂಲಿನ್," ಎಂದ. "ಈಗ ನೀನು ಗೆದ್ದ ಹಾಗೋ, ಸೋತ ಹಾಗೋ?"

"ಕೆಲಸ ಇನ್ನೂ ನಡೀತಿದೆ," ಎಂದ ಮಾವ, ಬಟ್ಟೆ ಬಿಚ್ಚಿ ಕೊಡವಿ.

ಬೀದಿಗೆ ಬಂದಾಗ ದೆಮಿನ್‌ನ ತಲೆಯ ಎಡಭಾಗ ಗಾಳಿಗೆ ಮರಗಟ್ಟಿತು, ಬಲಭಾಗ ಬೆಚ್ಚಗಿತ್ತು. ಎಡಗಡೆಯಿಂದ ಎದುರಾದವರು ಗುಮಾಸ್ತರೇ ಎಂದು ಮಾತನಾಡಿಸಿ, ದಾಟಿ ಹೋಗಿ, ತಿರುಗಿ ನೋಡಿ ಬೆಚ್ಚುತ್ತಿದ್ದರು. ಮೀನಿನ ಅಂಗಡಿಯವಳು ಬಾಯಿಗೆ ಸೆರಗಿನಂತೆ ಕೈ ಅಡ್ಡ ಹಿಡಿದು ನಕ್ಕಳು. ನಾಲ್ಕು ಹೆಂಗಸರು ಅವನ ಜೊತೆಗೇ ಅರ್ಧ ಬೀದಿ ನಡೆದು, ಎರಡೂ ಮಗ್ಗುಲಿಂದ ನೋಡಿಕೊಂಡು ಹೋದರು. ಧಾನ್ಯ ಇಲಾಖೆಯ ನಿರ್ದೇಶಕರು ಹೆಂಡತಿಯ ಜೊತೆ ಬರುತ್ತಿದ್ದರು, ಹೊಸ ವರ್ಷದ ಶುಭಾಶಯ ಎಂದು ಬಾಯಿ ತೆರೆದವರು ಹೊಸ ವರ್ಷ ಎಂಬಲ್ಲಿಗೇ ನಿಲ್ಲಿಸಿದರು. "ಇನ್ನರ್ಧ ಎರಡನೇ ತಿಂಗಳ ಎರಡಕ್ಕೆ ಸಾರ್," ಎಂದ ದೆಮಿನ್. "ನಮ್ಮ ಮಾವ ಕತ್ತರಿಸ್ತಾರೆ." ಅವರು ಕೇಳದಿದ್ದರೂ ಹೇಳಿದ. ಮುಂದೆ ಸಿಕ್ಕ ಕೋಸಿನ ಗಾಡಿಯವನಿಗೂ ಹೇಳಿದ. ಹೇಳಿದಷ್ಟೂ ಅದು ಗಟ್ಟಿಯಾಗುತ್ತದೆ, ಊರಿನ ಎಲ್ಲರಿಗೂ ಗೊತ್ತಾದ ಮಾತನ್ನು ತಪ್ಪಿಸಲು ಮಾವನಿಗೂ ನಾಚಿಕೆಯಾದೀತು ಎಂದು ಅವನಿಗೆ ಅನ್ನಿಸುತ್ತಿತ್ತು. ಇಂಥ ಹುಚ್ಚು ಆಸೆಗೆ ಅವನ ಕಣ್ಣು ತುಂಬಿತು.

ಅಮ್ಮ ಮಣೆಯ ಮೇಲೆ ಕಡುಬಿನ ಹಾಳೆ ಲಟ್ಟಿಸುತ್ತಿದ್ದಳು. ಅವನು ಎಡಗಡೆ ತೋರುವಂತೆ ಬಾಗಿಲಲ್ಲಿ ನಿಂತದ್ದನ್ನು ನೋಡಿ ಲಟ್ಟಣಿಗೆ ಎತ್ತಿದಳು, ಹೊಡೆಯುತ್ತಾಳೆಂದೇ ಅವನು ಕಾದ. ಅವಳು ಎದ್ದು ಬಂದು, ಅವನ ಸುತ್ತ ನಡೆದು, ಬಲಗಡೆಯನ್ನೂ ನೋಡಿದಳು. ಹಿಟ್ಟಿನ ಕೈಯಿಂದ ಉದ್ದ ಕೂದಲನ್ನು ಮುಟ್ಟಿದಳು.

"ನೀನು ಎದ್ದು ಬಂದ್ಯಾ, ಅವನೇ ನಿಲ್ಸಿದ್ನಾ?"

"ಮಾವನೇ ನಿಲ್ಲಿಸಿದ್ರು. ಸಂಜೆಗೆ ಸೀಗಡಿ ಕಡುಬು ಬೇಕಂತೆ. ಉಳಿದ ಅರ್ಧ ಎರಡನೇ ತಿಂಗಳ ಎರಡಕ್ಕೆ ಕತ್ತರಿಸ್ತಾರಂತೆ."

"ಯೂಲಿನ್ ಅರ್ಧಕ್ಕೆ ನಿಲ್ಸಿದ್ನಾ?" ಎಂದು ಅಮ್ಮ ಇನ್ನೊಮ್ಮೆ ಕೇಳಿದಳು. ಅವನು ಹೂಂ ಎಂದ. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅವಳು ಹೋಗಿ ಬೆಂಕಿ ತಗ್ಗಿಸಿ ಬಂದಳು, ಅವನ ಮುಂದೆ ನಿಂತಳು.

"ನನ್ನ ತಮ್ಮ ಸಾಯ್ತಾನಾ?"

ಆ ಮನೆಯಲ್ಲಿ, ಆ ತಿಂಗಳಲ್ಲಿ, ಆ ಶಬ್ದವನ್ನು ದೆಮಿನ್ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹೌದು ಎಂಬಂತೆ ತಲೆಯಾಡಿಸಿದ.

ಅಮ್ಮ ಮಣೆಯ ಮುಂದೆ ಕೂತಳು. ಒಂದು ಹಾಳೆ ಲಟ್ಟಿಸಿದಳು, ಇನ್ನೊಂದು ಲಟ್ಟಿಸಿದಳು. ಎರಡೂ ಗುಂಡಗೆ ಸರಿಯಾಗಿಯೇ ಬಂದವು.

"ಎರಡನೇ ತಿಂಗಳ ಎರಡಕ್ಕೆ ನೀನು ಹೋಗ್ಬೇಡ," ಎಂದಳು, ತಲೆಯೆತ್ತದೆ. "ಅರ್ಧ ಬಿಟ್ಟ ಕೆಲಸ ಮುಗಿಸದೆ ಅವನು ಎಲ್ಲಿಗೂ ಹೋಗಲ್ಲ. ಪುರುಸೊತ್ತಿಲ್ಲ ಅನ್ನು. ಮೂರನೇ ತಿಂಗಳು ಬರ್ತೀನಿ ಅನ್ನು. ಆಮೇಲೆ ನಾಲ್ಕನೇ ತಿಂಗಳು ಅನ್ನು."